ವಿಮಾನಪುರ, ದೂರವಾಣಿನಗರ ಮತ್ತು ನಮ್ಮ ವಿಜ್ಞಾನ ಕಥೆ

ಬೆಂಗಳೂರಿನ ಪೂರ್ವ ಭಾಗದ ನಕ್ಷೆಯನ್ನು ಒಮ್ಮೆ ಬಿಡಿಸಿ ನೋಡಿ. ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ ಹೋದರೆ ವಿಮಾನಪುರ ಸಿಗುತ್ತದೆ. ಹಳೆ ಮದರಾಸು ರಸ್ತೆಯಲ್ಲಿ ಕೆ.ಆರ್. ಪುರದ ಕಡೆಗೆ ಸಾಗಿದರೆ ದೂರವಾಣಿನಗರ. ಮೊದಲನೆಯದು 1940ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಿಂದ ಬಂದ ಹೆಸರು. ಎರಡನೆಯದು 1948ರಲ್ಲಿ ಆರಂಭವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್‌ನಿಂದ ಬಂದದ್ದು. ಊರುಗಳಿಗೆ ದೇವರ ಹೆಸರನ್ನೋ ರಾಜರ ಹೆಸರನ್ನೋ ಇಡುವುದು ನಮ್ಮಲ್ಲಿ ವಾಡಿಕೆ. ಇಲ್ಲಿ ಮಾತ್ರ ಎರಡು ಯಂತ್ರಗಳ ಹೆಸರುಗಳು ಬಡಾವಣೆಗಳ ಹೆಸರುಗಳಾಗಿವೆ. ಅದೂ ಇಂಗ್ಲಿಷಿನಲ್ಲಲ್ಲ, ಸಂಸ್ಕೃತದಿಂದ ಬಂದ ಕನ್ನಡ ಪದಗಳಲ್ಲಿ.

'ವಿಮಾನ' ಎಂಬ ಪದವನ್ನೇ ಗಮನಿಸಿ. ಹಲಸೂರಿನ ಸೋಮೇಶ್ವರ ದೇವಾಲಯದ ಗರ್ಭಗುಡಿಯ ಮೇಲಿರುವುದೂ ವಿಮಾನವೇ, ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಎಚ್.ಎ.ಎಲ್.ನಲ್ಲಿ ತಯಾರಾಗುವುದೂ ವಿಮಾನವೇ. ರಾವಣನ ಪುಷ್ಪಕವೂ ವಿಮಾನ. ಹೊಸ ಯಂತ್ರವೊಂದು ಊರಿಗೆ ಬಂದಾಗ ನಮ್ಮ ಹಿರಿಯರು ಅದಕ್ಕೆ ಹೊಸ ಪದ ಹುಡುಕುವ ಗೋಜಿಗೆ ಹೋಗಲಿಲ್ಲ. ಕಥೆಯಲ್ಲಿ ಆಗಲೇ ಇದ್ದ ಪದವನ್ನು ಎತ್ತಿ ಕೊಟ್ಟರು. 1935ರಲ್ಲಿ ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ಆರಂಭಿಸಿದ ಬಾನುಲಿ ಕೇಂದ್ರಕ್ಕೆ 'ಆಕಾಶವಾಣಿ' ಎಂಬ ಹೆಸರು ಬಂದದ್ದೂ ಹೀಗೆಯೇ. ಪುರಾಣದ ಅಶರೀರವಾಣಿಯೇ ರೇಡಿಯೋ ಆಯಿತು. ಮುಂದೆ ಇಡೀ ದೇಶದ ಬಾನುಲಿಗೆ ಆ ಹೆಸರೇ ನಿಂತಿತು.

ಹೆಸರಿಡುವುದು ಸಣ್ಣ ವಿಷಯ ಎಂದು ನಿಮಗೆ ತೋರಬಹುದು. ಆದರೆ ಒಂದು ಸಮಾಜ ತಂತ್ರಜ್ಞಾನವನ್ನು ಹೇಗೆ ಬರಮಾಡಿಕೊಳ್ಳುತ್ತದೆ, ಅದರ ಬಗ್ಗೆ ಏನನ್ನು ಆಸೆಪಡುತ್ತದೆ, ಯಾವುದಕ್ಕೆ ಹೆದರುತ್ತದೆ ಎಂಬುದು ಮೊದಲು ಕಾಣಿಸಿಕೊಳ್ಳುವುದು ಹೆಸರುಗಳಲ್ಲಿ, ಆಮೇಲೆ ಕಥೆಗಳಲ್ಲಿ. ವಿಜ್ಞಾನ ಕಥೆಯೆಂದರೆ ಮುಂದಿನ ಕಾಲದ ಭವಿಷ್ಯವಾಣಿ ಎಂದು ಹಲವರು ತಿಳಿದಿದ್ದಾರೆ. ಭವಿಷ್ಯವಾಣಿಯಾಗಿ ಅದು ಬಹಳ ಸಲ ಸೋತಿದೆ. ಬರೆದ ಕಾಲದ ಕನ್ನಡಿಯಾಗಿ ಸೋತಿರುವುದು ಕಡಿಮೆ.

ಕನ್ನಡಿಯಲ್ಲಿ ಕಾಣುವುದೇನು?

ಜೂಲ್ಸ್ ವರ್ನ್ ಎಂಬ ಫ್ರೆಂಚ್ ಲೇಖಕ 1865ರಲ್ಲಿ ಭೂಮಿಯಿಂದ ಚಂದ್ರನಿಗೆ ಹೋಗುವ ಕಾದಂಬರಿ ಬರೆದ. ಅದರಲ್ಲಿ ಚಂದ್ರಯಾನದ ವಾಹನವನ್ನು ಹಾರಿಸುವುದು ರಾಕೆಟ್ಟಲ್ಲ, ಒಂದು ಫಿರಂಗಿ. ಅದನ್ನು ಮಾಡುವವರು ಅಮೆರಿಕದ ಬಾಲ್ಟಿಮೋರಿನ ಫಿರಂಗಿ ತಜ್ಞರ ಸಂಘದವರು. ಅಮೆರಿಕದ ಅಂತರ್ಯುದ್ಧ ಆಗಷ್ಟೇ ಮುಗಿದಿತ್ತು. ಫಿರಂಗಿ ಎರಕ ಹೊಯ್ಯುವವರ ಕೈಗೆ ಕೆಲಸವಿರಲಿಲ್ಲ. ಅಂದಿನ ಅತಿ ದೊಡ್ಡ ತಂತ್ರಜ್ಞಾನವೆಂದರೆ ಯುದ್ಧದ ಫಿರಂಗಿಯೇ ಆಗಿದ್ದರಿಂದ ಲೇಖಕನ ಕನಸೂ ಅದರ ನಳಿಕೆಯ ಮೂಲಕವೇ ಹೊರಟಿತು.

ವಿದ್ಯಾರ್ಥಿಗಳು ಇಲ್ಲೊಂದು ಲೆಕ್ಕ ಮಾಡಬಹುದು. ಕಾದಂಬರಿಯ ಫಿರಂಗಿಯ ಉದ್ದ 900 ಅಡಿ, ಅಂದರೆ ಸುಮಾರು 274 ಮೀಟರ್. ಗುಂಡು ಹೊರಬೀಳುವಾಗ ಅದರ ವೇಗ ಸೆಕೆಂಡಿಗೆ ಸುಮಾರು 11 ಕಿಲೋಮೀಟರ್. ವೇಗದ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸಿದರೆ ವೇಗೋತ್ಕರ್ಷ ಸಿಗುತ್ತದೆ. ಉತ್ತರ, ಗುರುತ್ವ ವೇಗೋತ್ಕರ್ಷದ 22,000 ಪಟ್ಟಿಗೂ ಹೆಚ್ಚು! 70 ಕಿಲೋಗ್ರಾಂ ತೂಗುವ ಪ್ರಯಾಣಿಕನ ಮೇಲೆ ಆ ಕ್ಷಣ 1,500 ಟನ್ನಿನ ಭಾರ ಬಿದ್ದಂತೆ. ಅವನು ಚಂದ್ರನನ್ನು ನೋಡುವ ಮಾತು ಹಾಗಿರಲಿ, ಫಿರಂಗಿಯ ಬಾಯಿಯನ್ನೂ ನೋಡಲಾರ. ಭೌತವಿಜ್ಞಾನ ಸೋತರೂ ಕಥೆ ಸೋಲಲಿಲ್ಲ. 19ನೆಯ ಶತಮಾನದ ಉಕ್ಕು, ಸಿಡಿಮದ್ದು ಮತ್ತು ಅಂದಿನವರ ಆತ್ಮವಿಶ್ವಾಸ ಅದರಲ್ಲಿ ಹಾಗೇ ಉಳಿದಿವೆ.

ಹೀಗೆಯೇ ಮೇರಿ ಶೆಲ್ಲಿಯ 'ಫ್ರಾಂಕೆನ್‌ಸ್ಟೈನ್' (1818). ಗ್ಯಾಲ್ವಾನಿ ಸತ್ತ ಕಪ್ಪೆಯ ಕಾಲನ್ನು ವಿದ್ಯುತ್ತಿನಿಂದ ಮಿಸುಕಾಡಿಸಿದ್ದು, ಆಲ್ಡಿನಿ 1803ರಲ್ಲಿ ಲಂಡನ್ನಿನಲ್ಲಿ ಗಲ್ಲಿಗೇರಿಸಿದ ವ್ಯಕ್ತಿಯೊಬ್ಬನ ಶವದ ಮೇಲೆ ಅದೇ ಪ್ರಯೋಗ ಮಾಡಿದ್ದು ಆ ಕಾಲದ ಮನೆಮಾತು. ಜಪಾನಿನ 'ಗೊಜಿರಾ' ಚಿತ್ರ ಬಂದದ್ದು 1954ರಲ್ಲಿ. ಅದೇ ವರ್ಷದ ಮಾರ್ಚ್ 1ರಂದು ಬಿಕಿನಿ ದ್ವೀಪದಲ್ಲಿ ನಡೆದ ಜಲಜನಕ ಬಾಂಬಿನ ಪರೀಕ್ಷೆಯಿಂದ ಜಪಾನಿನ ಮೀನುಗಾರಿಕೆ ದೋಣಿಯೊಂದರ ಮೇಲೆ ವಿಕಿರಣಶೀಲ ಬೂದಿ ಸುರಿದಿತ್ತು. ಸಮುದ್ರದಿಂದ ಎದ್ದು ಬಂದ ಆ ದೈತ್ಯಪ್ರಾಣಿಯನ್ನು ಬೇರೆ ಯಾರೂ ಹೇಳಿ ಮಾಡಿಸಬೇಕಾಗಿರಲಿಲ್ಲ. ಆಶ್ಚರ್ಯವೆಂದರೆ, ಅದೇ ಜಪಾನಿನಲ್ಲಿ 1952ರಿಂದ ಮಕ್ಕಳು ಇಷ್ಟಪಟ್ಟು ಓದುತ್ತಿದ್ದ ಚಿತ್ರಕಥೆಯ ನಾಯಕ ಪರಮಾಣು ಶಕ್ತಿಯಿಂದ ನಡೆಯುವ ಒಬ್ಬ ಪುಟ್ಟ ರೋಬಾಟ್ ಹುಡುಗ. ಒಂದೇ ಸಮಾಜ ಒಂದೇ ತಂತ್ರಜ್ಞಾನದ ಮುಂದೆ ನಡುಗಲೂಬಹುದು, ಅದನ್ನು ಮುದ್ದಿಸಲೂಬಹುದು.

'ರೋಬಾಟ್' ಪದದ ಮೂಲವನ್ನು ಕನ್ನಡದವರು ತಿಳಿದರೆ ಸ್ವಾರಸ್ಯವಾಗಿರುತ್ತದೆ. ಜೆಕ್ ನಾಟಕಕಾರ ಕರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ನಾಟಕದಿಂದ ಅದು ಲೋಕಕ್ಕೆ ಪರಿಚಯವಾಯಿತು. ಜೆಕ್ ಭಾಷೆಯ 'ರೊಬೊತ' ಎಂದರೆ ಒಡೆಯನಿಗೆ ಕಡ್ಡಾಯವಾಗಿ ಮಾಡಿಕೊಡಬೇಕಾದ ದುಡಿಮೆ. ನಮ್ಮ ಭಾಷೆಯಲ್ಲಿ ಇದಕ್ಕೆ ನೇರವಾದ ಪದವಿದೆ: ಬಿಟ್ಟಿ. ಅಂದರೆ ರೋಬಾಟ್ ಬಿಟ್ಟಿ ಚಾಕರಿಯವನು. ಆ ನಾಟಕವನ್ನು ಯಂತ್ರಗಳ ಕಥೆ ಎಂದು ಓದುವುದಕ್ಕೂ ಬಿಟ್ಟಿಯಾಳುಗಳ ಕಥೆ ಎಂದು ಓದುವುದಕ್ಕೂ ಎಷ್ಟು ವ್ಯತ್ಯಾಸ!

ಆನೇಕಲ್ಲಿನ ವಿಮಾನಗಳು

ಇನ್ನು ನಮ್ಮ ಕಡೆಗೆ ಬರೋಣ. ಬೆಂಗಳೂರಿನ ಸುತ್ತಮುತ್ತ ಹುಟ್ಟಿ, ಇಂದಿಗೂ ತರಗತಿಗಳಲ್ಲಿ ಪ್ರಶ್ನೆಯಾಗಿ ಏಳುವ ಒಂದು ಕೃತಿಯಿದೆ: 'ವೈಮಾನಿಕ ಶಾಸ್ತ್ರ'. ಅಧ್ಯಾಪಕರಾದ ನಿಮಗೆ ಒಮ್ಮೆಯಾದರೂ ಈ ಪ್ರಶ್ನೆ ಎದುರಾಗಿರಬೇಕು: "ಸಾರ್, ನಮ್ಮ ಋಷಿಗಳು ವಿಮಾನ ಮಾಡಿದ್ದರಂತೆ, ನಿಜವೇ?"

ಕೃತಿಯ ಇತಿಹಾಸ ಹೀಗಿದೆ. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರ ನಡುವೆ ಸಂಸ್ಕೃತ ಶ್ಲೋಕಗಳನ್ನು ಹೇಳುತ್ತ ಹೋದರು, ವೆಂಕಟಾಚಲ ಶರ್ಮರು ಬರೆದುಕೊಂಡರು. ಇದು ಭರದ್ವಾಜ ಮಹರ್ಷಿಗಳ ಗ್ರಂಥವೆಂದು ಶಾಸ್ತ್ರಿಗಳ ನಂಬಿಕೆ. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ವಿಮಾನಗಳ ವರ್ಣನೆ, ಚಾಲಕನು ತಿಳಿದಿರಬೇಕಾದ 32 ರಹಸ್ಯಗಳು, ಅವನ ಊಟ ಉಡುಪು, ಲೋಹಗಳು, ಕನ್ನಡಿಗಳು - ಹೀಗೆ ವಿಷಯಗಳು ಬರುತ್ತವೆ. ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿದ್ದ ಎಲ್ಲಪ್ಪನವರು ನಕ್ಷೆಗಳನ್ನು ಬಿಡಿಸಿದರು. ಮೈಸೂರಿನ ಜಿ.ಆರ್. ಜೋಸ್ಯರ್ ಅವರು 1973ರಲ್ಲಿ ಇದನ್ನು ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದ ಮೇಲೆ ಇದು ದೇಶವಿದೇಶಗಳಲ್ಲಿ ಪ್ರಸಿದ್ಧವಾಯಿತು.

ಮರುವರ್ಷವೇ, 1974ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ನಾಲ್ವರು ಸಂಗಡಿಗರು ಈ ಗ್ರಂಥವನ್ನು ಕೂಲಂಕಷವಾಗಿ ಪರೀಕ್ಷಿಸಿ ಒಂದು ಪ್ರಬಂಧ ಪ್ರಕಟಿಸಿದರು. ಅವರು ಗ್ರಂಥವನ್ನು ಗೇಲಿ ಮಾಡಿ ಬದಿಗಿಡಲಿಲ್ಲ. ಇಂಜಿನಿಯರು ಯಾವುದೇ ವಿಮಾನದ ವಿನ್ಯಾಸವನ್ನು ಪರಿಶೀಲಿಸುವಂತೆ ಅಳತೆ, ತೂಕ, ಎತ್ತುವ ಬಲ, ಸ್ಥಿರತೆಗಳನ್ನು ಪರಿಶೀಲಿಸಿದರು. ಭಾಷೆಯನ್ನೂ ಕೃತಿಯ ಚರಿತ್ರೆಯನ್ನೂ ನೋಡಿದರು. ವರ್ಣಿಸಿದ ಯಾವ ವಿಮಾನವೂ ಹಾರಲಾರದು, ಗ್ರಂಥವೂ ಪ್ರಾಚೀನವಲ್ಲ, 20ನೆಯ ಶತಮಾನದ್ದು ಎಂಬುದು ಅವರ ತೀರ್ಮಾನ. ನಕ್ಷೆಗಳಲ್ಲಿ ಆಧುನಿಕ ಯಂತ್ರಗಳ ಪರಿಚಯ ಎದ್ದು ಕಾಣುತ್ತದೆ, ಬಿಡಿಸಿದವರು ಇಂಜಿನಿಯರಿಂಗ್ ಕಾಲೇಜಿನಲ್ಲಿದ್ದವರು ಎಂಬುದು ಅದಕ್ಕೆ ವಿವರಣೆ ಎಂದೂ ಅವರು ಹೇಳಿದರು.

ತರಗತಿಯಲ್ಲಿ ಇದನ್ನು ಸರಳವಾಗಿ ತೋರಿಸಲು ಒಂದು ಲೆಕ್ಕ ಸಾಕು. ಗಾಳಿಯಲ್ಲಿ ನಿಂತಲ್ಲೇ ನಿಲ್ಲುವ ಯಂತ್ರ ತನ್ನ ತೂಕಕ್ಕೆ ಸಮನಾದ ಬಲದಿಂದ ಗಾಳಿಯನ್ನು ಕೆಳಕ್ಕೆ ತಳ್ಳುತ್ತಿರಬೇಕು. ನ್ಯೂಟನ್ನನ ಮೂರನೆಯ ನಿಯಮಕ್ಕೆ ವಿನಾಯಿತಿ ಇಲ್ಲ. ಯಂತ್ರದ ರಾಶಿ ಬರೇ ಒಂದು ಟನ್ ಎನ್ನೋಣ; ಬೇಕಾದ ಬಲ 9,800 ನ್ಯೂಟನ್. ಗಾಳಿಯನ್ನು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಕೆಳಕ್ಕೆ ನೂಕುವುದಾದರೆ ಪ್ರತಿ ಸೆಕೆಂಡಿಗೆ 490 ಕಿಲೋಗ್ರಾಂ ಗಾಳಿ ಬೇಕು. ಗಾಳಿಯ ಸಾಂದ್ರತೆ ಘನ ಮೀಟರಿಗೆ 1.2 ಕಿಲೋಗ್ರಾಂ. ಆದ್ದರಿಂದ ಪ್ರತಿ ಸೆಕೆಂಡಿಗೆ 400 ಘನ ಮೀಟರಿಗೂ ಹೆಚ್ಚು, ಅಂದರೆ ಒಂದು ದೊಡ್ಡ ತರಗತಿಯ ಕೋಣೆಯಲ್ಲಿರುವ ಗಾಳಿಗಿಂತಲೂ ಜಾಸ್ತಿ! ಹಾಗಾದರೆ ನಕ್ಷೆಯಲ್ಲಿ ಗಾಳಿ ಎಲ್ಲಿಂದ ಒಳಬರುತ್ತದೆ, ಎಲ್ಲಿಂದ ಹೊರಹೋಗುತ್ತದೆ, ಅದನ್ನು ತಳ್ಳುವ ಶಕ್ತಿ ಯಾವುದು ಎಂದು ಮಕ್ಕಳನ್ನೇ ಕೇಳಿ. ಅವರೇ ಉತ್ತರ ಕಂಡುಕೊಳ್ಳುತ್ತಾರೆ.

ಇಲ್ಲಿಗೆ ಪಾಠ ಮುಗಿಯಿತು ಎಂದು ಪುಸ್ತಕ ಮುಚ್ಚುವವರೇ ಹೆಚ್ಚು. ನನ್ನ ಅಭಿಪ್ರಾಯದಲ್ಲಿ ಮುಖ್ಯವಾದ ಪಾಠ ಇಲ್ಲಿಂದಲೇ ಶುರುವಾಗುತ್ತದೆ. ಶಾಸ್ತ್ರವಾಗಿ ನಿಲ್ಲದ ಈ ಕೃತಿಯನ್ನು ಒಮ್ಮೆ ವಿಜ್ಞಾನ ಕಥೆಯಂತೆ ಓದಿ ನೋಡಿ. ರೈಟ್ ಸಹೋದರರು ಹಾರಿದ್ದು 1903ರಲ್ಲಿ. ಅದಾದ ಹದಿನೈದು ವರ್ಷಗಳಲ್ಲಿ, ಮೊದಲ ಮಹಾಯುದ್ಧದಲ್ಲಿ ವಿಮಾನಗಳು ಬಾಂಬು ಹಾಕುತ್ತಿದ್ದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಿದ್ದಾಗ, ಸ್ವಂತ ಕಾರ್ಖಾನೆಯೂ ಸ್ವಂತ ಆಡಳಿತವೂ ಇಲ್ಲದ ದೇಶದ ಒಂದು ಸಣ್ಣ ಊರಿನಲ್ಲಿ ಕುಳಿತ ಪಂಡಿತರೊಬ್ಬರು 'ಇದು ನಮ್ಮದೇ' ಎಂದು ಹೇಳಬಯಸಿದರು. ಅವರ ಕೈಯಲ್ಲಿದ್ದ ಉಪಕರಣ ಶ್ಲೋಕ ಒಂದೇ. ವರ್ನ್ ಕನಸು ಫಿರಂಗಿಯ ಮೂಲಕ ಹೊರಟಂತೆ ಇವರ ಕನಸು ಅನುಷ್ಟುಪ್ಪಿನ ಮೂಲಕ ಹೊರಟಿತು. ವರ್ನ್ ತನ್ನ ಪುಸ್ತಕದ ಮೇಲೆ ಕಾದಂಬರಿ ಎಂದು ಬರೆದುಕೊಂಡ. ಇಲ್ಲಿ ಆ ಪದ ಬಿಟ್ಟುಹೋಯಿತು. ತೊಂದರೆ ಇರುವುದು ಅಷ್ಟರಲ್ಲೇ. ಆದರೆ ಆ ತೊಂದರೆ ಸಣ್ಣದಲ್ಲ: 2015ರ ಜನವರಿಯಲ್ಲಿ ಮುಂಬಯಿಯಲ್ಲಿ ನಡೆದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಇದೇ ವಿಮಾನಗಳು ಪ್ರಬಂಧದ ರೂಪದಲ್ಲಿ ಮತ್ತೆ ಹಾರಿದವು.

ಪ್ರಶ್ನೆ ಕೇಳಿದ ಹುಡುಗನನ್ನು ನಗೆಪಾಟಲು ಮಾಡಬೇಡಿ. ಅವನು ಕೇಳುತ್ತಿರುವುದು ವಿಮಾನದ ಬಗ್ಗೆ ಮಾತ್ರವಲ್ಲ. ಈ ವಿಜ್ಞಾನದಲ್ಲಿ ನಮಗೂ ಪಾಲಿದೆಯೇ ಎಂಬುದು ಅವನ ನಿಜವಾದ ಪ್ರಶ್ನೆ. ಅದಕ್ಕೆ ಉತ್ತರ ವಿಮಾನಪುರದಲ್ಲೇ ಇದೆ. 1961ರಲ್ಲಿ ಇಲ್ಲಿಂದ ಹಾರಿದ 'ಮಾರುತ್' ಯುದ್ಧ ವಿಮಾನ, 2001ರ ಜನವರಿ 4ರಂದು ಇಲ್ಲಿಂದಲೇ ಮೊದಲ ಸಲ ಹಾರಿದ ಹಗುರ ಯುದ್ಧ ವಿಮಾನ, ಇವುಗಳ ನಕ್ಷೆಗಳಲ್ಲಿ ಗಾಳಿ ಒಳಬರುವ ದಾರಿಯೂ ಇದೆ, ಹೊರಹೋಗುವ ದಾರಿಯೂ ಇದೆ. ಮಾರುತ್ ವಿನ್ಯಾಸದ ಮುಖ್ಯಸ್ಥ ಕುರ್ಟ್ ಟ್ಯಾಂಕ್ ಜರ್ಮನಿಯವರು ಎಂಬುದನ್ನೂ ಹೇಳಿ. ಪಾಲು ಎಂದರೆ ಏಕಸ್ವಾಮ್ಯವಲ್ಲವಲ್ಲ!

ಅದೇ ಕಾಲದಲ್ಲಿ ಬಂಗಾಳದ ಕಡೆ ಬೇರೆ ಎರಡು ಕಥೆಗಳು ಹುಟ್ಟಿದ್ದವು. ಜಗದೀಶಚಂದ್ರ ಬೋಸ್ ಅವರು 1896ರಲ್ಲಿ ಕೂದಲೆಣ್ಣೆ ಕಂಪನಿಯೊಂದರ ಕಥಾಸ್ಪರ್ಧೆಗೆ ಬರೆದ ಕಥೆಯಲ್ಲಿ ಒಂದು ಸೀಸೆ ಎಣ್ಣೆ ಚಂಡಮಾರುತವನ್ನೇ ಶಾಂತಗೊಳಿಸುತ್ತದೆ. ನೀರಿನ ಮೇಲೆ ತೆಳುವಾಗಿ ಹರಡಿದ ಎಣ್ಣೆ ಸಣ್ಣ ಅಲೆಗಳನ್ನು ಅಡಗಿಸುವುದು ನಿಜ. ಮೇಲ್ಮೈ ಸೆಳೆತದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಸಿಗುವುದು ಕಷ್ಟ. ರುಕಿಯಾ ಹುಸೇನ್ ಅವರ 'ಸುಲ್ತಾನಾಳ ಕನಸು' 1905ರಲ್ಲಿ ಮದರಾಸಿನ ಮಹಿಳಾ ಪತ್ರಿಕೆಯೊಂದರಲ್ಲಿ ಬಂತು. ಅಲ್ಲಿ ಹೆಂಗಸರೇ ವಿಜ್ಞಾನಿಗಳು, ಸೂರ್ಯನ ಶಾಖವೇ ಇಂಧನ ಹಾಗೂ ಆಯುಧ, ಗಂಡಸರು ಮನೆಯೊಳಗೆ. ಮೂವರೂ ಪರಕೀಯರ ಆಳ್ವಿಕೆಯಲ್ಲಿದ್ದವರು. ಒಬ್ಬರು ಹಳೆಯ ವೈಭವವನ್ನು ಕಂಡರು, ಒಬ್ಬರು ನಗಿಸಿದರು, ಇನ್ನೊಬ್ಬರು ಮನೆಯ ಬಾಗಿಲನ್ನೇ ತಿರುಗಿಸಿಟ್ಟರು.

ಎತ್ತಿನ ಗಾಡಿಯ ಮೇಲೆ ಉಪಗ್ರಹ

ಕಥೆ ಎಂದರೆ ಪುಸ್ತಕದಲ್ಲೇ ಇರಬೇಕೆಂದಿಲ್ಲ. ಒಂದು ಛಾಯಾಚಿತ್ರವೂ ಕಥೆ ಹೇಳಬಲ್ಲದು. 1981ರ ಜೂನ್ 19ರಂದು ಏರಿಯಾನ್ ರಾಕೆಟ್ಟಿನಲ್ಲಿ ಹಾರಿದ ನಮ್ಮ 'ಆಪಲ್' ಸಂಪರ್ಕ ಉಪಗ್ರಹವನ್ನು ಬೆಂಗಳೂರಿನಲ್ಲಿ ಎತ್ತಿನ ಗಾಡಿಯ ಮೇಲೆ ಇಟ್ಟಿರುವ ಚಿತ್ರವನ್ನು ನೀವು ನೋಡಿಯೇ ಇರುತ್ತೀರಿ. ಅದನ್ನು ನೋಡಿದವರಲ್ಲಿ ಬಹುಮಂದಿ 'ಪಾಪ, ಲಾರಿಗೂ ದುಡ್ಡಿರಲಿಲ್ಲ' ಎಂದುಕೊಳ್ಳುತ್ತಾರೆ. ಇನ್ನು ಕೆಲವರಿಗೆ ಅದು ಬಡತನದಿಂದ ಬಾಹ್ಯಾಕಾಶಕ್ಕೆ ನೆಗೆದ ದೇಶದ ಸಂಕೇತ.

ನಿಜವಾದ ಕಾರಣ ಭೌತವಿಜ್ಞಾನದ್ದು. ಉಪಗ್ರಹದ ಆಂಟೆನಾ ಯಾವ ದಿಕ್ಕಿಗೆ ಎಷ್ಟು ತೀವ್ರತೆಯ ಅಲೆಗಳನ್ನು ಕಳಿಸುತ್ತದೆ ಎಂಬುದನ್ನು ಬಯಲಿನಲ್ಲಿ ಅಳೆಯಬೇಕಿತ್ತು. ಕಬ್ಬಿಣದ ಲಾರಿಯ ಮೇಲಿಟ್ಟರೆ ಅದರ ಮೈ ರೇಡಿಯೋ ಅಲೆಗಳನ್ನು ಪ್ರತಿಫಲಿಸುತ್ತದೆ. ನೇರ ಅಲೆಯೂ ಪ್ರತಿಫಲಿತ ಅಲೆಯೂ ಕೂಡಿ ಕೆಲವೆಡೆ ಹೆಚ್ಚಾಗುತ್ತವೆ, ಕೆಲವೆಡೆ ಒಂದನ್ನೊಂದು ಅಳಿಸುತ್ತವೆ. ಪದವಿಪೂರ್ವ ತರಗತಿಯಲ್ಲಿ ಯಂಗ್‌ನ ಎರಡು ಸೀಳುಗಳ ಪ್ರಯೋಗದಲ್ಲಿ ನೀವು ಕಲಿಸುವ ವ್ಯತಿಕರಣವೇ ಇದು. ಆಂಟೆನಾದ ಗುಣವನ್ನು ಅಳೆಯಲು ಹೋಗಿ ಲಾರಿಯ ಗುಣವನ್ನು ಅಳೆದಂತಾಗುತ್ತದೆ. ಮರದ ಗಾಡಿ ರೇಡಿಯೋ ಅಲೆಗಳಿಗೆ ಬಹುಮಟ್ಟಿಗೆ ಪಾರದರ್ಶಕ. ಆ ದಿನ ಗಾಡಿ ಒಂದು ಪ್ರಯೋಗಾಲಯದ ಉಪಕರಣವಾಗಿತ್ತು, ಬಾಡಿಗೆಗೆ ಸಿಗುವಂಥದ್ದು!

ಈ ಚಿತ್ರವನ್ನು ನಾವು ಓದುವ ಬಗೆಯೇ ನಮ್ಮ ಸಂಸ್ಕೃತಿಗೆ ತಂತ್ರಜ್ಞಾನದ ಜೊತೆಗಿರುವ ಸಂಬಂಧವನ್ನು ಹೇಳುತ್ತದೆ. ಎತ್ತಿನ ಗಾಡಿ ಎಂದರೆ ಹಿಂದಿನದು, ಉಪಗ್ರಹ ಎಂದರೆ ಮುಂದಿನದು, ಎರಡೂ ಒಟ್ಟಿಗಿದ್ದರೆ ಅವಮಾನ ಅಥವಾ ಪವಾಡ - ಈ ಎರಡೇ ಕಥೆಗಳು ನಮಗೆ ಗೊತ್ತಿರುವುದು. 2014ರ ಸೆಪ್ಟೆಂಬರಿನಲ್ಲಿ ಮಂಗಳಯಾನ ಯಶಸ್ವಿಯಾದಾಗ ಅಮೆರಿಕದ ಪತ್ರಿಕೆಯೊಂದು ಹಸು ಹಿಡಿದ ರೈತ ಬಾಹ್ಯಾಕಾಶ ಕ್ಲಬ್ಬಿನ ಬಾಗಿಲು ತಟ್ಟುವ ವ್ಯಂಗ್ಯಚಿತ್ರ ಹಾಕಿ, ಆಕ್ಷೇಪಣೆಗಳು ಬಂದ ಮೇಲೆ ಕ್ಷಮೆ ಕೇಳಿತು. ಅವರ ಮೇಲೆ ನಾವು ಕೋಪಿಸಿಕೊಂಡೆವು. ಆದರೆ ಗಾಡಿಯ ಚಿತ್ರವನ್ನು ನಾವೇ ಓದಿದ್ದು ಹೆಚ್ಚುಕಡಿಮೆ ಅದೇ ರೀತಿ. ಮೂರನೆಯ ಕಥೆ, ಅಂದರೆ ಗಾಡಿ ಅಲ್ಲಿಗೆ ತಕ್ಕ ಉಪಕರಣವಾಗಿತ್ತು ಎಂಬುದು, ಯಾರಿಗೂ ಹೊಳೆಯಲಿಲ್ಲ.

ಆಪಲ್ ಸೇರಿದ ಭೂಸ್ಥಿರ ಕಕ್ಷೆಯ ಬಗ್ಗೆಯೂ ಒಂದು ಮಾತು. ನೆಲದಿಂದ ಸುಮಾರು 35,800 ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹವೊಂದು ಭೂಮಿಯ ಜೊತೆ ಜೊತೆಗೇ ತಿರುಗುತ್ತ ಒಂದೆಡೆ ನಿಂತಂತೆ ಕಾಣುತ್ತದೆ, ಅಂಥ ಮೂರು ಇದ್ದರೆ ಲೋಕದ ಬಹುಭಾಗಕ್ಕೆ ಸಂಪರ್ಕ ಒದಗಿಸಬಹುದು ಎಂದು 1945ರಲ್ಲಿ ಲೇಖನ ಬರೆದು ತಿಳಿಸಿದವರು ವಿಜ್ಞಾನ ಕಥೆಗಾರ ಆರ್ಥರ್ ಕ್ಲಾರ್ಕ್. ನಮ್ಮಲ್ಲಿ ಆ ಕಲ್ಪನೆಯ ಮೊದಲ ದೊಡ್ಡ ಉಪಯೋಗ 1975-76ರ ಉಪಗ್ರಹ ದೂರದರ್ಶನ ಪ್ರಯೋಗ. ಅಮೆರಿಕದ ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಟೀವಿ ಇಡಲಾಯಿತು. ಕರ್ನಾಟಕದ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಬೆಂಗಳೂರಿನ ಮನೆಗಳಿಗೆ ಟೀವಿ ಬರುವ ಮೊದಲೇ ಆ ಹಳ್ಳಿಗಳಿಗೆ ಆಕಾಶದಿಂದ ಚಿತ್ರ ಬಂದಿತ್ತು! ಇದರ ಮೇಲೆ ಒಂದು ಒಳ್ಳೆಯ ಕನ್ನಡ ಕಾದಂಬರಿ ಬರಬಹುದಿತ್ತು.

ಕನ್ನಡದಲ್ಲಿ ಏಕೆ ಕಡಿಮೆ?

ಕನ್ನಡದಲ್ಲಿ ವಿಜ್ಞಾನ ಕಥೆ ಇಲ್ಲವೆಂದಲ್ಲ. ರಾಜಶೇಖರ ಭೂಸನೂರಮಠರು ಅದಕ್ಕಾಗಿಯೇ ದುಡಿದವರು. ಅವರ ಎರಡು ಕೃತಿಗಳ ಹೆಸರು ನೋಡಿ: 'ಮನ್ವಂತರ' ಮತ್ತು 'ಆಪರೇಷನ್ ಯು.ಎಫ್.ಓ.' ಒಂದು ಪುರಾಣದ ಕಾಲಗಣನೆಯಿಂದ ಬಂದದ್ದು (ಮನ್ವಂತರವೆಂದರೆ 71 ಮಹಾಯುಗ, 30 ಕೋಟಿ 67 ಲಕ್ಷ 20 ಸಾವಿರ ವರ್ಷ), ಇನ್ನೊಂದು ಇಂಗ್ಲಿಷಿನಿಂದ ಇಳಿದದ್ದು. ಒಬ್ಬರೇ ಲೇಖಕರ ಎರಡು ಹೆಸರುಗಳಲ್ಲಿ ನಮ್ಮ ಎರಡು ದಾರಿಗಳೂ ಕಾಣುತ್ತವೆ. 1993ರಲ್ಲಿ ನ್ಯಾಷನಲ್ ಬುಕ್ ಟ್ರಸ್ಟಿಗಾಗಿ ಬಾಳ ಫೋಂಡ್ಕೆಯವರು ಸಂಪಾದಿಸಿದ ಭಾರತೀಯ ವಿಜ್ಞಾನ ಕಥೆಗಳ ಇಂಗ್ಲಿಷ್ ಸಂಕಲನದಲ್ಲಿ ಅವರ ಕಥೆಯೂ ಇದೆ. ಆದರೂ ವಿಮಾನ, ದೂರವಾಣಿ, ಉಪಗ್ರಹ, ಗಣಕ ಎಲ್ಲವೂ ತಯಾರಾದ ನಗರಕ್ಕೆ ಇಷ್ಟು ಸಾಲದು.

ಕಾರಣವೇನು? ನನಗೆ ತೋರುವುದು ಹೀಗೆ. ನಮ್ಮ ನಾಡಿಗೆ ತಂತ್ರಜ್ಞಾನ ಬಂದದ್ದು ಸರ್ಕಾರದ ಮೂಲಕ, ಕಾರ್ಖಾನೆಯ ಮೂಲಕ, ಉದ್ಘಾಟನೆಯ ಮೂಲಕ. ಅದು ನೌಕರಿಯಾಗಿ ಬಂತು. ದೂರವಾಣಿನಗರದಲ್ಲಿ ಕೆಲಸ ಸಿಕ್ಕಿತೆಂದರೆ ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ, ಪಿಂಚಣಿ ಎಲ್ಲ ಸಿಕ್ಕಂತೆ. ಇಂಥ ಯಂತ್ರವನ್ನು ಕಂಡು ಹೆದರುವ ಅಥವಾ ಅದನ್ನು ಪ್ರಶ್ನಿಸುವ ಕಥೆ ಯಾರು ಬರೆದಾರು? ಇನ್ನೊಂದು ಕಾರಣ ಭಾಷೆ. ಕಬ್ಬನ್ ಪಾರ್ಕಿನ ಆಚೆ ಪೇಟೆ, ಈಚೆ ದಂಡು. 1947ರವರೆಗೆ ದಂಡು ಬ್ರಿಟಿಷರ ಆಡಳಿತದಲ್ಲಿತ್ತು. ಶಿವಾಜಿನಗರ, ಹಲಸೂರಿನ ಬೀದಿಗಳಲ್ಲಿ ತಮಿಳು, ಉರ್ದು, ತೆಲುಗು, ಇಂಗ್ಲಿಷ್ ಎಲ್ಲವೂ ಕೇಳಿಸುತ್ತಿದ್ದವು. ಹೊಸ ಯಂತ್ರಗಳು ನೆಲೆಸಿದ್ದು ಹೆಚ್ಚಾಗಿ ಈ ಕಡೆ. ಕನ್ನಡದ ಕಾದಂಬರಿ ಬೆಳೆದದ್ದು ಆ ಕಡೆ, ಅದಕ್ಕಿಂತಲೂ ಹೆಚ್ಚಾಗಿ ಮಲೆನಾಡಿನಲ್ಲಿ, ಧಾರವಾಡದಲ್ಲಿ, ಕರಾವಳಿಯಲ್ಲಿ.

ಅದಕ್ಕೇ ಇರಬೇಕು, ವಿಜ್ಞಾನದ ಬಗ್ಗೆ ಕನ್ನಡಿಗರು ಅತಿ ಪ್ರೀತಿಯಿಂದ ಓದಿದ ಕಾದಂಬರಿಯಲ್ಲಿ ಯಂತ್ರವೇ ಮುಖ್ಯವಲ್ಲ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980) ವಿಜ್ಞಾನ ಕಥೆಯ ಕಪಾಟಿನಲ್ಲಿ ಇರುವುದಿಲ್ಲ. ಆದರೆ ಅಲ್ಲಿನ ವಿಜ್ಞಾನಿ ಹಾರುವ ಓತಿಯನ್ನು ಹುಡುಕಲು ಹೊರಟಾಗ ದಾರಿ ತೋರಿಸಬೇಕಾದವನು ಮಂದಣ್ಣನೆಂಬ ಹಳ್ಳಿಯವನು. ಊರಿನವರ ಕಣ್ಣಿಗೆ ಉಂಡಾಡಿಯಂತೆ ಕಾಣುವ ಅವನನ್ನು ವಿಜ್ಞಾನಿ ಸಮಾನನಂತೆ ನಡೆಸಿಕೊಳ್ಳುತ್ತಾನೆ. ಯಾರ ತಿಳಿವಳಿಕೆ ವಿಜ್ಞಾನ ಎನಿಸಿಕೊಳ್ಳುತ್ತದೆ, ಯಾರದ್ದು ಎನಿಸಿಕೊಳ್ಳುವುದಿಲ್ಲ ಎಂಬ ಪ್ರಶ್ನೆಯನ್ನು ಇಷ್ಟು ಲಘುವಾಗಿ, ನಗಿಸುತ್ತ ಕೇಳಿದ ಪುಸ್ತಕ ಬೇರೆ ಭಾಷೆಗಳಲ್ಲೂ ಅಪರೂಪ.

ನಗರದ ಯಂತ್ರ ಕನ್ನಡ ರಂಗಭೂಮಿಗೆ ಬಂದ ಒಂದು ನಿದರ್ಶನ ಗಿರೀಶ ಕಾರ್ನಾಡರ 'ಒಡಕಲು ಬಿಂಬ' (2005). ಕನ್ನಡದ ಕಥೆಗಾರ್ತಿಯೊಬ್ಬಳು ಇಂಗ್ಲಿಷಿನಲ್ಲಿ ಕಾದಂಬರಿ ಬರೆದು ಪ್ರಸಿದ್ಧಳಾಗಿ ಟೀವಿ ಸ್ಟುಡಿಯೋದಲ್ಲಿ ಮಾತನಾಡಲು ಬರುತ್ತಾಳೆ. ಮಾತು ಮುಗಿದ ಮೇಲೆ ಪರದೆಯ ಮೇಲಿನ ಅವಳದೇ ಬಿಂಬ ಆರಿಹೋಗದೆ ಅವಳನ್ನು ಪ್ರಶ್ನಿಸತೊಡಗುತ್ತದೆ. ತಂತ್ರಜ್ಞಾನವೂ ಇಂಗ್ಲಿಷೂ ನಮಗೆ ಒಂದೇ ಬಾಗಿಲಿನಿಂದ ಬಂದವು ಎಂಬುದನ್ನು ಅದು ಒಂದೇ ಪಾತ್ರದಲ್ಲಿ ಹಿಡಿದಿದೆ. ಸಿನಿಮಾದಲ್ಲಿ, 2002ರ 'ಹಾಲಿವುಡ್'ನಲ್ಲಿ ಉಪೇಂದ್ರ ರೋಬಾಟ್ ಆಗಿ ಬಂದಾಗ ಕಥೆ ಅಮೆರಿಕದಲ್ಲಿ ನಡೆಯಬೇಕಾಯಿತು. 2013ರ 'ಲೂಸಿಯಾ' ವೇಳೆಗೆ ಯಂತ್ರ ಒಂದು ಮಾತ್ರೆಯಷ್ಟು ಚಿಕ್ಕದಾಗಿ ಬೆಂಗಳೂರಿಗೇ ಬಂತು. ಅದನ್ನು ನುಂಗುವವನು ಚಿತ್ರಮಂದಿರದಲ್ಲಿ ಟಾರ್ಚು ಹಿಡಿದು ಸೀಟು ತೋರಿಸುವ ಹುಡುಗ. ಹನ್ನೊಂದು ವರ್ಷಗಳಲ್ಲಿ ಇದು ದೊಡ್ಡ ಪ್ರಯಾಣ.

ಗಂಟೆಯಾಕಾರದ ನಗರ

ಬೆಂಗಳೂರಿನ ಪೂರ್ವ ಭಾಗಕ್ಕೆ ತೀರ ಹತ್ತಿರವಾದ ವಿಜ್ಞಾನ ಕಥೆಯನ್ನು ಬರೆದವರು ಬೆಂಗಳೂರಿನವರೇ ಆದ ಲಾವಣ್ಯ ಲಕ್ಷ್ಮೀನಾರಾಯಣ್, ಇಂಗ್ಲಿಷಿನಲ್ಲಿ. 2020ರಲ್ಲಿ 'ಅನಲಾಗ್/ವರ್ಚುವಲ್' ಎಂದೂ, 2023ರಲ್ಲಿ ಹೊರದೇಶದ ಆವೃತ್ತಿಯಾಗಿ 'ದ ಟೆನ್ ಪರ್ಸೆಂಟ್ ಥೀಫ್' ಎಂದೂ ಪ್ರಕಟವಾದ ಅವರ ಪುಸ್ತಕ ಮರುವರ್ಷ ಆರ್ಥರ್ ಕ್ಲಾರ್ಕ್ ಪ್ರಶಸ್ತಿಯ ಅಂತಿಮ ಪಟ್ಟಿಗೆ ಹೋಯಿತು. ಒಂದು ಕಾಲಕ್ಕೆ ಬೆಂಗಳೂರಾಗಿದ್ದ ನಗರವನ್ನು ಅಲ್ಲಿ ಒಂದು ಕಂಪನಿ ಆಳುತ್ತದೆ. ಪ್ರಜೆಗಳನ್ನು ಉತ್ಪಾದಕತೆಯ ಮೇಲೆ ಅಳೆದು ಮೇಲಿನ ಶೇಕಡ 20, ನಡುವಿನ 70, ಕೆಳಗಿನ 10 ಎಂದು ವಿಂಗಡಿಸುತ್ತದೆ. ಕೆಳಗೆ ಬಿದ್ದವರು ವಿದ್ಯುತ್ ಬೇಲಿಯ ಆಚೆ, ನೀರು ಬೆಳಕುಗಳಿಗೆ ಒದ್ದಾಡುವ ಅನಲಾಗ್ ಜಗತ್ತಿಗೆ. ಬೇಲಿಯ ಗೆರೆಗೆ ಲೇಖಕಿ ಇಟ್ಟ ಹೆಸರಿನಲ್ಲೇ 'ಕರ್ನಾಟಿಕ್' ಇದೆ. ಪೇಟೆ ಮತ್ತು ದಂಡಿನ ನಡುವಿನ ಹಳೆಯ ಗೆರೆ ನನಗೆ ನೆನಪಾಯಿತು.

20-70-10 ಎಂಬ ಸಂಖ್ಯೆಗಳು ಲೇಖಕಿಯ ಕಲ್ಪನೆಯಲ್ಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಮುಖ್ಯಸ್ಥರಾಗಿದ್ದ ಜ್ಯಾಕ್ ವೆಲ್ಚ್ ತಮ್ಮ ನೌಕರರನ್ನು ಹೀಗೇ ವಿಂಗಡಿಸಿ, ಕೆಳಗಿನ 10ನ್ನು ಹೊರಗೆ ಕಳಿಸಬೇಕೆಂದವರು. ಅವರ ಹೆಸರಿನ ತಂತ್ರಜ್ಞಾನ ಕೇಂದ್ರ 2000ದಲ್ಲಿ ಆರಂಭವಾದದ್ದು ಕೆ.ಆರ್. ಪುರದ ಆಚೆ, ವೈಟ್‌ಫೀಲ್ಡ್ ಕಡೆಗೆ. ಸಾಫ್ಟ್‌ವೇರ್ ಉದ್ಯೋಗಿಗಳ ಬಾಯಲ್ಲಿ 'ಬೆಲ್ ಕರ್ವ್' ಎಂಬ ಮಾತು ಮನೆಮಾತಾಗಿ ಎಷ್ಟೋ ವರ್ಷಗಳಾದವು. ನಿಮ್ಮ ತರಗತಿಯ ಮಕ್ಕಳು ನಾಳೆ ಈ ವಕ್ರರೇಖೆಯ ಮೇಲೆಯೇ ನಿಲ್ಲಬೇಕಾದವರು. ಆದ್ದರಿಂದ ಅದರ ವಿಜ್ಞಾನವನ್ನು ಸ್ವಲ್ಪ ವಿವರವಾಗಿ ನೋಡೋಣ.

ಗಂಟೆಯಾಕಾರದ ವಕ್ರರೇಖೆ ಭೌತವಿಜ್ಞಾನಿಗಳಿಗೆ ಹಳೆಯ ಸ್ನೇಹಿತ. ಒಂದೇ ಉದ್ದವನ್ನು ನೂರು ಸಲ ಅಳೆದರೆ ಸಣ್ಣಪುಟ್ಟ ದೋಷಗಳಿಂದಾಗಿ ಉತ್ತರಗಳು ಸರಾಸರಿಯ ಎರಡೂ ಪಕ್ಕ ಹರಡುತ್ತವೆ. ಒಂದಕ್ಕೊಂದು ಸಂಬಂಧವಿಲ್ಲದ ಅನೇಕ ಸಣ್ಣ ಕಾರಣಗಳು ಕೂಡಿದಾಗ ಈ ಆಕಾರ ಬರುತ್ತದೆ. ಸುಮಾರು ಶೇಕಡ 68ರಷ್ಟು ಅಳತೆಗಳು ಸರಾಸರಿಯಿಂದ ಒಂದು ಮಾನಕ ವಿಚಲನೆಯೊಳಗೆ, 95ರಷ್ಟು ಎರಡು ವಿಚಲನೆಯೊಳಗೆ ಬೀಳುತ್ತವೆ. ಮೊದಲು ಅಳತೆ, ಆಮೇಲೆ ರೇಖೆ. ಕಚೇರಿಯಲ್ಲಿ ಇದು ತಲೆಕೆಳಗಾಗುತ್ತದೆ. ಮೊದಲು ರೇಖೆಯನ್ನು ಬರೆದು, ಆಮೇಲೆ ಮನುಷ್ಯರನ್ನು ಅದರೊಳಗೆ ಕೂರಿಸುತ್ತಾರೆ. ಹತ್ತು ಜನರ ತಂಡದಲ್ಲಿ ಹತ್ತೂ ಜನ ಚೆನ್ನಾಗಿ ದುಡಿದಿದ್ದರೂ ಒಬ್ಬರು ಕೆಳಗೆ ಬೀಳಲೇಬೇಕು. ಹತ್ತೇ ಜನರ ಮಾದರಿಯಲ್ಲಿ ಒಂಬತ್ತನೆಯವರಿಗೂ ಹತ್ತನೆಯವರಿಗೂ ಇರುವ ಅಂತರ ಅಳತೆಯ ದೋಷಕ್ಕಿಂತ ಚಿಕ್ಕದಿರಬಹುದು. ಪ್ರಯೋಗಾಲಯದ ದಾಖಲೆ ಪುಸ್ತಕದಲ್ಲಿ ವಿದ್ಯಾರ್ಥಿಯೊಬ್ಬ ಹೀಗೆ ಮಾಡಿದರೆ ನಾವು ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತೇವೆ.

ಭೌತವಿಜ್ಞಾನದ ಪುಸ್ತಕ ಇದನ್ನು ಹೇಳುವುದಿಲ್ಲ, ಕಂಪನಿಯ ಕೈಪಿಡಿಯೂ ಹೇಳುವುದಿಲ್ಲ. ಒಂದು ಕಾದಂಬರಿ ಹೇಳಿತು. ಅದು ಕನ್ನಡದಲ್ಲಿ ಬಂದಿದ್ದರೆ ಎಂಬುದು ನನ್ನ ಕೊರಗು.

ತರಗತಿಯಲ್ಲಿ ಬರೆಸಿ ನೋಡಿ

ಪದವಿ ತರಗತಿಯ ವಿದ್ಯಾರ್ಥಿಗಳಿಗೆ ನಾನು ಆಗಾಗ ಒಂದು ಕೆಲಸ ಕೊಡುವುದುಂಟು: 2060ರ ಬೆಂಗಳೂರಿನ ಒಂದು ದಿನವನ್ನು ಎರಡು ಪುಟಗಳಲ್ಲಿ ಬರೆಯಿರಿ. ಮೊದಲ ಸಲ ಬರುವ ಕಥೆಗಳಲ್ಲಿ ನಾಯಕನ ಹೆಸರು ಜಾನ್ ಅಥವಾ ಸ್ಟೀವ್, ಊರು ಹೆಸರಿಗಷ್ಟೇ ಬೆಂಗಳೂರು, ಕೊನೆಗೆ ಒಂದು ರೋಬಾಟ್ ಎಲ್ಲರನ್ನೂ ಕೊಲ್ಲುತ್ತದೆ. ಸಿನಿಮಾ ನೋಡಿದವರ ಕಥೆಗಳವು. ದಂಡಿನ ಪ್ಲಾಜಾ ಚಿತ್ರಮಂದಿರದಂಥ ಕಡೆ ಇಂಗ್ಲಿಷ್ ಚಿತ್ರ ನೋಡಿ ಬೆಳೆದ ನಮ್ಮ ತಲೆಮಾರಿನವರೂ ಹೀಗೇ ಬರೆಯುತ್ತಿದ್ದೆವು. ಎರಡನೆಯ ಸಲ ಒಂದು ಷರತ್ತು ಹಾಕುತ್ತೇನೆ: ನಿಮ್ಮ ಬೀದಿಯನ್ನು ಬಿಟ್ಟು ಆಚೆ ಹೋಗುವಂತಿಲ್ಲ, ಒಂದೇ ಒಂದು ಯಂತ್ರವನ್ನು ಬದಲಿಸಬಹುದು, ಅದಕ್ಕೆ ಬೇಕಾದ ಶಕ್ತಿ ಎಲ್ಲಿಂದ ಬರುತ್ತದೆಂದು ಲೆಕ್ಕ ಕೊಡಬೇಕು.

ಆಗ ಬರುವ ಕಥೆಗಳೇ ಬೇರೆ. ಶಿವಾಜಿನಗರದ ಗುಜರಿ ಅಂಗಡಿಯ ಹುಡುಗನೊಬ್ಬ ಹತ್ತು ಹಳೆಯ ಯಂತ್ರಗಳ ಬಿಡಿಭಾಗಗಳಿಂದ ಹನ್ನೊಂದನೆಯದನ್ನು ಮಾಡುತ್ತಾನೆ; ಕಂಪನಿ ಅದನ್ನು ಕಾನೂನುಬಾಹಿರ ಎನ್ನುತ್ತದೆ. ಕೆ.ಆರ್. ಪುರದ ಹುಡುಗಿಯೊಬ್ಬಳ ಕಥೆಯಲ್ಲಿ ನೀರಿನ ಟ್ಯಾಂಕರು ತಾನೇ ಬೀದಿ ಆರಿಸುತ್ತದೆ. ದುಡ್ಡು ಕಡಿಮೆ ಇರುವ ಬೀದಿ ಅದರ ಪಟ್ಟಿಯಲ್ಲಿ ಕೊನೆಗೆ ಬರುತ್ತದೆ. ಅಜ್ಜಿಯೊಬ್ಬಳು ಅದಕ್ಕೆ ಕನ್ನಡದಲ್ಲಿ ಬೈಯುತ್ತಾಳೆ, ಅದಕ್ಕೆ ಕನ್ನಡ ತಿಳಿಯುವುದಿಲ್ಲ. ಬೈಯಪ್ಪನಹಳ್ಳಿಯಿಂದ ಮಹಾತ್ಮಗಾಂಧಿ ರಸ್ತೆಗೆ 2011ರ ಅಕ್ಟೋಬರ್ 20ರಂದು ಓಡಿದ ಮೊದಲ ಮೆಟ್ರೊ, ಆ ದಾರಿಯಲ್ಲಿ ಕಡಿದ ಮರಗಳು ಕೂಡ ಕಥೆಗಳಲ್ಲಿ ಬಂದಿವೆ.

ನೀವೂ ಬರೆಸಿ. ಕಥೆ ಕೈಗೆ ಬಂದ ಮೇಲೆ ವ್ಯಾಕರಣ ತಿದ್ದುವ ಮೊದಲು ಕೇಳಿ: ಈ ಯಂತ್ರವನ್ನು ಮಾಡಿದವರು ಯಾರು? ಕೆಟ್ಟರೆ ರಿಪೇರಿ ಮಾಡುವವರು ಯಾರು? ಅದು ಯಾವ ಭಾಷೆಯಲ್ಲಿ ಮಾತನಾಡುತ್ತದೆ? ಯಾರಿಗೆ ಅದು ಸಿಗುವುದಿಲ್ಲ? ಆಮೇಲೆ ವಿದ್ಯಾರ್ಥಿ ಕೊಟ್ಟ ಶಕ್ತಿಯ ಲೆಕ್ಕವನ್ನು ಕರಿಹಲಗೆಯ ಮೇಲೆ ಎಲ್ಲರೂ ಸೇರಿ ಮಾಡಿ. ಲೆಕ್ಕ ತಪ್ಪಿದ್ದರೆ ಕಥೆಯನ್ನು ಎಸೆಯಬೇಕಿಲ್ಲ. ವರ್ನ್ ಕಥೆಯನ್ನು ಯಾರೂ ಎಸೆಯಲಿಲ್ಲ. ಎರಡನ್ನೂ ಒಂದೇ ಹಾಳೆಯ ಎರಡು ಬದಿಗಳಲ್ಲಿ ಬರೆಸಿ, ಒಂದು ಬದಿಯ ಮೇಲೆ ಕಥೆ ಎಂದೂ ಇನ್ನೊಂದು ಬದಿಯ ಮೇಲೆ ಲೆಕ್ಕ ಎಂದೂ ತಲೆಬರಹ ಹಾಕಿಸಿ.